ಬಿಸಿಲ ಸೀಮೆಯಲ್ಲಿ ನೋಡತಕ್ಕುದೇನೂ ಇಲ್ಲವೆ?

ಕಲಬುರಗಿಯ ಸೀಮೆಯಲ್ಲಿ ಬಿಸಿಲೊಂದನ್ನುಳಿದು ನೋಡತಕ್ಕುದೇನೂ ಇಲ್ಲ, ತಿನ್ನತಕ್ಕುದಂತೂ ಮೊದಲೇ ಇಲ್ಲ ಎಂಬ ಮಾತು ಮೋಟಾರಿನಲ್ಲಿ ದೇಶಾಟನ ಮಾಡುವ ಸುಶಿಕ್ಷಿತರ ಬಾಯಲ್ಲಿ ಈಚೆಗೆ ಒಂದು ಸಿದ್ಧಾಂತದಂತೆ ನೆಲೆಗೊಂಡಿರುವದು. ಬೀದರಕ್ಕೆ ಹೊರಟ ಈ ಮಹನೀಯರು ನಮ್ಮ ಕೋಟೆಯ ಬಾಗಿಲಲ್ಲಿ ಕಾಲು ತಾಸು ನಿಂತು, ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು, ಹುಮನಾಬಾದಿನ ದಾರಿ ಹಿಡಿಯುವರು. ಹಸಿವಾದರೆ ಹೆದ್ದಾರಿಯ ಢಾಬಾ ಹೊಕ್ಕು, ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ದಿನವೂ ದೊರೆಯುವ ಪನೀರನ್ನೇ ಉಂಡು, ಊರಿಗೆ ಮರಳಿದ ಬಳಿಕ ಮೇಲಿನ ತೀರ್ಪನ್ನು ಪ್ರಕಟಿಸುವರು. ಪ್ರಮಾಣವನ್ನು ಪರೀಕ್ಷಿಸದೆ ಪ್ರಮೇಯವನ್ನು ಸಾಧಿಸುವ ಈ ರೀತಿಯನ್ನು ನಮ್ಮ ಪಾಠಶಾಲೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗೂ ಕ್ಷಮಿಸುತ್ತಿರಲಿಲ್ಲ.

ಕೋಟೆಯನ್ನೇ ಮೊದಲು ವಿಚಾರಿಸೋಣ. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದಾಗ ಈ ಊರು ಅದರ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯು 1367ರದು. ಮಸೀದಿಯೆಂದರೆ ನಡುವೆ ತೆರೆದ ಅಂಗಳವಿರುವದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಇಡಿಯ ಕಟ್ಟಡವೇ ಮಾಳಿಗೆಯ ಕೆಳಗಿದೆ. ನಾಲ್ಕು ಮೂಲೆಗೆ ನಾಲ್ಕು ಗುಮ್ಮಟ, ಪಶ್ಚಿಮಕ್ಕೆ ಎಲ್ಲವನ್ನೂ ಮೀರಿಸಿದ ಒಂದು, ನಡುವೆಲ್ಲ ಸಾಲುಗಟ್ಟಿದ ಚಿಕ್ಕವು. ಹೊರಗೆ ನೆಲವು ಕಾದ ಹಂಚಾಗಿರುವಾಗ ಆ ಕಮಾನುಗಳ ನೆರಳಿನಲ್ಲಿ ಅರ್ಧ ತಾಸು ಕುಳಿತು ನೋಡಬೇಕು. ಬಿಸಿಲಿಗಾಗಿಯೇ ಹೀಗೆ ಕಟ್ಟಿದರೆಂದು ನಾನು ವಾದಿಸುವದಿಲ್ಲ. ಆದರೆ ತಂಪು ಅನುಭವಸಿದ್ಧ. ಕಾಲು ತಾಸಿನವರಿಗೆ ಇದು ತಿಳಿಯುವ ಬಗೆಯೆಂತು?

ಕೋಟೆಯಿಂದ ಕಮಲಾಪುರಕ್ಕೆ ಸುಮಾರು 35 ಕಿಲೋಮೀಟರು. ಹದಿನೈದನೆಯ ಶತಮಾನದಲ್ಲಿ ಬಹಮನಿಯರು ರಾಜಧಾನಿಯನ್ನು ಬೀದರಕ್ಕೆ ಒಯ್ದದ್ದೂ ಈ ದಿಕ್ಕಿಗೇ. ಅವರಿಗೆ ಇಷ್ಟು ಅವಸರವಿರಲಿಲ್ಲವೆಂದು ತೋರುವದು. ಮಹಾಗಾಂವ ಕ್ರಾಸಿನ ಆಚೀಚೆ ಕರಿಯ ಎರೆಯ ಹೊಲಗಳು. ಕಮಲಾಪುರ ಹತ್ತಿರವಾದಂತೆ ಮಣ್ಣು ಕೆಂಪಡರಿ ನೆಲವು ಏರುತಗ್ಗಾಗುವದು. ಕಾರ್ತಿಕದಲ್ಲಿ ತೊಗರಿಯು ಹಳದಿಯ ಹೂ ಬಿಟ್ಟು ನಿಂತಿರುವದು. ಪುಷ್ಯದಲ್ಲಿ ಬಿಳಿಜೋಳ ತೆನೆಗಟ್ಟಿ, ಕುಸುಬೆಯು ಅಂಚಿನಲ್ಲಿ ಬಣ್ಣವೇರುವದು. ಗುಡ್ಡ ಜಲಪಾತಗಳಿಲ್ಲದ ನೋಟವು ನೋಟವೇ ಅಲ್ಲವೆನ್ನುವವರು ಸಹ್ಯಾದ್ರಿಯ ಅಳತೆಯಿಂದ ಎರೆನಾಡನ್ನು ಅಳೆಯುತ್ತಾರೆ. ತಕ್ಕಡಿಯಿಂದ ಅರಿವೆ ಅಳೆಯಹೊರಟವನಿಗೆ ಅಂಗಡಿಯವನು ಏನು ಹೇಳಬೇಕು?

ವೈಶಾಖದಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವದು ಸುಳ್ಳಲ್ಲ. ಆದರೆ ಆಗಲೇ ಬರಬೇಕೆಂದು ಯಾರ ಅಪ್ಪಣೆ? ಎಳ್ಳಮಾವಾಸ್ಯೆಗೆ ಬರಲಿ. ದೇಶಾಟನವೆಂಬ ಹೆಸರನ್ನು ಕೇಳುವದಕ್ಕಿಂತ ಮುಂಚಿನಿಂದಲೂ ನಮ್ಮ ರೈತಾಪಿ ಜನರು ಆ ದಿನ ಗಾಡಿ ಕಟ್ಟಿಕೊಂಡು, ಈಗ ಟ್ರಾಕ್ಟರಿನಲ್ಲಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಸಾಲಾಗಿ ಕುಳಿತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಹತ್ತಾರು ಕಾಳು ಕಾಯಿ ಸೊಪ್ಪುಗಳನ್ನು ಕೂಡಿಸಿದ ಭಜ್ಜಿ, ಅಂಬಲಿ. ದಾರಿಹೋಕನನ್ನು ಕರೆದು ಕುಳ್ಳಿರಿಸುವದೂ ಆ ದಿನದ ಧರ್ಮ. ಅಂಥ ಊಟಕ್ಕೆ ಹೆದ್ದಾರಿಯಲ್ಲಿ ಫಲಕವಿಲ್ಲದಿರುವದೇ ಅದು ಇಲ್ಲವೆನ್ನುವದಕ್ಕೆ ಸಾಧನವಾಯಿತೆ?

ಸಂಸ್ಕೃತ ನಿಘಂಟುಗಳಲ್ಲಿ ಜೋಳಕ್ಕೆ ಯಾವನಾಲವೆಂದೂ ತೊಗರಿಗೆ ಆಢಕಿಯೆಂದೂ ಹೆಸರು. ಇವೆರಡೇ ನಮ್ಮ ಅನ್ನ. ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳದ ಸ್ತುತಿಯು ದೇಶದೇಶಗಳಲ್ಲಿ ನಡೆಯಿತು. ಕಡಕ ರೊಟ್ಟಿಯು ವಾರಗಟ್ಟಲೆ ಕೆಡದು. ಜೊತೆಗೆ ಶೇಂಗಾಹಿಂಡಿಯೊಂದಿದ್ದರೆ ಬುತ್ತಿ ಪೂರ್ಣ. ಪ್ರಯಾಣಕ್ಕೆಂದೇ ಹುಟ್ಟಿದ ಆಹಾರ ಇದಲ್ಲದೆ ಇನ್ನಾವದು? ಕುಳಿತು ಉಣ್ಣುವವರಿಗೆ ಬಿಸಿರೊಟ್ಟಿ, ಪುಂಡಿಪಲ್ಯ, ಜುಣಕ, ಎಣ್ಣೆಗಾಯಿ ಉಂಟು. ನಗರದಲ್ಲಿ ಮಾಲ್ಪುರಿಯುಂಟು, ನಾನು ಮಾಂಸ ಮುಟ್ಟದವನಾದರೂ ಇಲ್ಲಿಯ ತಹರಿಯ ಖ್ಯಾತಿಯನ್ನು ಬಲ್ಲೆ.

ಇದನ್ನೆಲ್ಲ ಕೇವಲ ನಾಲಿಗೆಯ ಚಾಪಲ್ಯವೆಂದು ತಳ್ಳಿಬಿಡುವವರಿಗೆ ಕಮಲಾಪುರದ ಕೆಂಬಾಳೆಯನ್ನು ತೋರಿಸಬೇಕಾಗಿದೆ. ಭೌಗೋಳಿಕ ಗುರುತನ್ನು ಪಡೆದ ಈ ಹಣ್ಣು ಆ ಊರಿನಲ್ಲಿಯೂ ಸುತ್ತಲಿನ ಕೆಲವೇ ಹಳ್ಳಿಗಳಲ್ಲಿಯೂ ಬೆಳೆಯುವದು. ಸಾಧಾರಣ ಬಾಳೆಯು ವರ್ಷದೊಳಗೆ ಅಥವಾ ವರ್ಷಕ್ಕೆ ಗೊನೆ ಕೊಟ್ಟರೆ, ಇದಕ್ಕೆ ಹದಿನೆಂಟು ತಿಂಗಳವರೆಗೆ ಕಾಯಬೇಕು. ಅಷ್ಟು ಕಾಲ ನೀರು, ಗೊಬ್ಬರ, ಕೂಲಿ. ನಡುವೆ ಒಂದು ಬಿರುಗಾಳಿ ಬೀಸಿದರೆ ಎಲ್ಲವೂ ನೆಲಸಮ. ಆದುದರಿಂದಲೇ ಬೆಲೆ ಹೆಚ್ಚು, ಆದುದರಿಂದಲೇ ಇದಕ್ಕೆ ಶ್ರೀಮಂತರ ಹಣ್ಣೆಂಬ ಹೆಸರು. ಢಾಬಾದಲ್ಲಿ ಸಾವಿರ ರೂಪಾಯಿಯನ್ನು ತುಟಿಪಿಟಕ್ಕೆನ್ನದೆ ಎಣಿಸಿದ ಕೈ, ರಸ್ತೆಯ ಬದಿಗೆ ಗೊನೆಯಿಟ್ಟು ಕುಳಿತ ಮುದುಕಿಯ ಮುಂದೆ ಹತ್ತು ರೂಪಾಯಿಗೆ ಜಗ್ಗಾಡುವದನ್ನು ನಾನು ಒಮ್ಮೆಯಲ್ಲ, ಹಲವು ಸಲ ಕಂಡಿದ್ದೇನೆ. ಕೊಳ್ಳುವವರಿಲ್ಲದ ಬೆಳೆಯನ್ನು ರೈತನು ಅಭಿಮಾನಕ್ಕಾಗಿ ಎಷ್ಟು ವರ್ಷ ಬೆಳೆದಾನು? ಅವನು ಕಬ್ಬಿಗೋ ತೊಗರಿಗೋ ತಿರುಗಿದ ದಿನ, ನೋಡತಕ್ಕುದಿಲ್ಲ, ತಿನ್ನತಕ್ಕುದಿಲ್ಲ ಎಂಬ ಮಾತು ನಿಜವಾಗುವದು. ನಿಜಮಾಡಿದವರು ಅದನ್ನು ಹೇಳಿದವರೇ ಆಗುವರು.

ಇನ್ನು ನಮ್ಮವರ ವಿಷಯ. ಹೊರಗಿನವರನ್ನಷ್ಟೇ ದೂರುವದು ನ್ಯಾಯವಲ್ಲ. ಬೀಗರು ಬಂದರೆ ರೊಟ್ಟಿಯನ್ನು ಮರೆಗಿಟ್ಟು ಪೂರಿ ಕರಿಯುವವರು ಯಾರು? ಜೋಳವು ಬಡವರ ಊಟ, ಅತಿಥಿಗೆ ಒಡ್ಡಿದರೆ ಅವಮಾನವೆಂದು ಮಕ್ಕಳಿಗೆ ಕಲಿಸಿದವರು ಯಾರು? ಕೋಟೆಯ ಕಂದಕಕ್ಕೆ ಕಸ ಸುರಿಯುವವರೂ ಪುಣೆಯಿಂದ ಬಂದವರಲ್ಲ. ಹೆದ್ದಾರಿಯ ಖಾನಾವಳಿಯವರೊಬ್ಬರನ್ನು, ರೊಟ್ಟಿಯ ಹೆಸರು ಫಲಕದಲ್ಲಿಲ್ಲವೇಕೆಂದು ಕೇಳಿದೆ. "ಗುರುಗಳೇ, ಯಾರೂ ಕೇಳುವದಿಲ್ಲ" ಎಂದರು. ಫಲಕದಲ್ಲಿ ಇಲ್ಲದ್ದನ್ನು ಕೇಳುವದು ಹೇಗೆಂದು ನಾನು ಕೇಳಿದ್ದಕ್ಕೆ ನಕ್ಕು, ಒಳಗಿನಿಂದ ತಮ್ಮ ಸ್ವಂತದ ಊಟದ ರೊಟ್ಟಿಯನ್ನು ತರಿಸಿಕೊಟ್ಟರು! ಮಾಲಿಕನು ರೊಟ್ಟಿ ಉಣ್ಣುವನು, ಗಿರಾಕಿಗೆ ಮೈದೆಯ ನಾನು ಬಡಿಸುವನು.

ನಮ್ಮ ಸಂಘದ ವಾರ್ಷಿಕೋತ್ಸವದ ಊಟದ ಪಟ್ಟಿಯು ಇನ್ನೂ ನಿಶ್ಚಯವಾಗಿಲ್ಲವೆಂದು ಕೇಳಿದ್ದೇನೆ. ಹೊರಗಿನಿಂದ ವಿದ್ವಾಂಸರು ಬರುವರು; ಅವರಿಗೆ ಈ ಸಲವಾದರೂ ಜೋಳದ ರೊಟ್ಟಿ, ಪುಂಡಿಪಲ್ಯಗಳನ್ನು ಬಡಿಸಬೇಕೆಂದೂ, ಎಲೆಗೊಂದರಂತೆ ಕಮಲಾಪುರದ ಕೆಂಬಾಳೆಯನ್ನು ಇಡಬೇಕೆಂದೂ ಕಾರ್ಯಕಾರಿ ಮಂಡಲಿಗೆ ಬಿನ್ನಹ. ಹಣ್ಣನ್ನು ಬೆಳೆದವರಿಂದಲೇ, ಅವರು ಹೇಳಿದ ಬೆಲೆಗೆ ತರಿಸಬೇಕು. ಅದರ ವೆಚ್ಚವನ್ನು ನನ್ನ ನಿವೃತ್ತಿ ವೇತನದಿಂದ ಮುಂಗಡವಾಗಿ ಕೊಡಲು ಸಿದ್ಧನಿದ್ದೇನೆ.