ಬಿದ್ದವನ ಮುಖ ಕಾಣಲ್ಲ

2013ರಲ್ಲಿ ಮಾಸ್ಕೋದ ಬೈಟಿಂಗ್ ಎಲ್ಬೋಸ್ ಬ್ಯಾಂಡಿಗೆ ಅದರ ಗಾಯಕ ಇಲ್ಯಾ ನೈಶುಲ್ಲರ್ ಗೋಪ್ರೋದಲ್ಲಿ ಮಾಡಿದ ಮ್ಯೂಸಿಕ್ ವಿಡಿಯೋ ನಮ್ಮಲ್ಲಿ ಎಷ್ಟೋ ಜನ ನೋಡಿದ್ದೀವಿ. ನಾಯಕನ ಮುಖವೇ ಕಾಣಲ್ಲ. ಓಡೋದು, ಹೊಡೆಯೋದು, ಬೀಳೋದು ಎಲ್ಲ ಅವನ ಕಣ್ಣಿನಿಂದಲೇ, ಥೇಟ್ ಗೇಮ್ ಆಡಿದ ಹಾಗೆ. ಅದೇ ಶೈಲಿಯಲ್ಲಿ ಆಮೇಲೆ 'ಹಾರ್ಡ್‌ಕೋರ್ ಹೆನ್ರಿ' ಅನ್ನೋ ಪೂರ್ತಿ ಸಿನಿಮಾನೇ ಬಂತು.

ಈ ಸಲ ಫೆಸ್ಟ್ ವಿಡಿಯೋಗೆ ನಾವೂ ಹೆಲ್ಮೆಟ್ಟಿಗೆ ಫೋನ್ ಕಟ್ಕೊಂಡು ಹಾಸ್ಟೆಲ್ ಮೆಟ್ಟಿಲ ಮೇಲೆ ಓಡಿದ್ವಿ. ಒಬ್ಬ ಬಿದ್ದು ಮಣಿಕಟ್ಟು ಮುರ್ಕೊಂಡ. ಫೂಟೇಜ್ ನೋಡಿದ್ರೆ ಬರೀ ಅಲುಗಾಟ. ನಾವು ಮೊದಲು ನಕ್ಕಿದ್ವಿ, ಯಾಕಂದ್ರೆ ಅವನ ಮುಖ ಅದರಲ್ಲಿ ಇರ್ಲಿಲ್ಲ.

ನಮ್ಮ ಪ್ರಕಾರ ಈ ಶೈಲಿಯ ಮಜಾನೂ ಮೋಸಾನೂ ಇದೇ. ಮುಖ ಕಾಣದಿದ್ರೆ ನೋವೂ ಕಾಣಲ್ಲ, ಎಲ್ಲ ಸುಲಭ ಅನ್ಸುತ್ತೆ. ಆ ಸಿನಿಮಾಗೆ ಕ್ಯಾಮೆರಾ ಕೂರಿಸೋಕೆ ಮುಖವಾಡವನ್ನೇ ಮಾಡಿಸಿದ್ರು. ಅದನ್ನ ಹಾಕ್ಕೊಂಡು ಬಿದ್ದವರು ಸ್ಟಂಟ್ ಕಲಿತವರು. ನಾವು ಧೈರ್ಯ ಅಂದ್ಕೊಂಡಿದ್ದು ಅಸಲಿಗೆ ತಾಲೀಮು.

ಮುಂದಿನ ಫೆಸ್ಟಿಗೂ ಮಾಡೋಣ. ಆದ್ರೆ ಮೊದಲು ನಡೆದು ನೋಡೋಣ, ಆಮೇಲೆ ಓಡೋಣ. ಬಿದ್ದ ಹಾಗೆ ನೋಡೋರಿಗೆ ಅನ್ನಿಸಿದ್ರೆ ಸಾಕು.