ಕೋಟಾ ಮೆಕ್ಯಾನಿಕ್ ರಿಪೇರಿ ಮಾಡಿದ ವಿಮಾನ ಹತ್ತುತ್ತೀರಾ?



ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಮತ್ತೆ ಅದೇ ಹಳೇ ಫಾರ್ವರ್ಡ್ ಬಂದಿದೆ. "ಕೋಟಾದಲ್ಲಿ ಬಂದ ಮೆಕ್ಯಾನಿಕ್ ರಿಪೇರಿ ಮಾಡಿದ ವಿಮಾನ ನೀವು ಹತ್ತುತ್ತೀರಾ?" ಕೆಳಗೆ ಹಲ್ಲು ಕಿರಿಯೋ ಇಮೋಜಿಗಳ ಸಾಲು. ಜೋಕ್ ಅಂತೆ. ಸರಿ, ಉತ್ತರ ಕೊಟ್ಟೇಬಿಡೋಣ.

ರಿಪೇರಿ ಆದ ಮೇಲೆ "ಈ ವಿಮಾನ ಹಾರಬಹುದು" ಅಂತ ಸಹಿ ಹಾಕೋಕೆ ಡಿಜಿಸಿಎ ಲೈಸೆನ್ಸ್ ಬೇಕು. ಒಂದೊಂದು ಮಾಡ್ಯೂಲಿಗೂ ಪರೀಕ್ಷೆ, ವರ್ಷಗಟ್ಟಲೆ ಹ್ಯಾಂಗರಿನಲ್ಲಿ ದುಡಿದ ಅನುಭವ, ಅದನ್ನು ಬರೆದಿಟ್ಟ ಲಾಗ್‌ಬುಕ್, ಆಮೇಲೆ ವಿಮಾನದ ಮಾದರಿಗೆ ತಕ್ಕ ಬೇರೆ ತರಬೇತಿ. ಜಾತಿ ಸರ್ಟಿಫಿಕೇಟ್ ತೋರಿಸಿದ ಮಾತ್ರಕ್ಕೆ ಆ ಸಹಿ ಹಾಕೋ ಅಧಿಕಾರ ಯಾರಿಗೂ ಸಿಗಲ್ಲ.

ಇನ್ನು ವಿಮಾನ ಬೀಳೋ ವಿಷಯ. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ ವಿಮಾನ ಬೆಟ್ಟಕ್ಕೆ ಬಡಿದು 520 ಜನ ಸತ್ತರು. ಏಳು ವರ್ಷ ಮೊದಲು ಅದರ ಹಿಂಭಾಗವನ್ನು ತಪ್ಪಾಗಿ ರಿಪೇರಿ ಮಾಡಿದ್ದು ಸಾಕ್ಷಾತ್ ಬೋಯಿಂಗ್ ಕಂಪನಿಯವರು. ಎರಡು ಸಾಲು ರಿವೆಟ್ ಹೊರಬೇಕಿದ್ದ ಭಾರ ಒಂದೇ ಸಾಲಿನ ಮೇಲೆ ಬಿದ್ದಿತ್ತು. 1990ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನದ ಕಾಕ್‌ಪಿಟ್ ಗಾಜು ಆಕಾಶದಲ್ಲೇ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ನೇತಾಡಿದ. ಪುಣ್ಯಕ್ಕೆ ಬದುಕಿದ. ಆ ಗಾಜಿನ 90 ಬೋಲ್ಟುಗಳಲ್ಲಿ 84 ಬೇಕಾದಷ್ಟು ದಪ್ಪ ಇರಲಿಲ್ಲ. ರಾತ್ರಿ ಪಾಳಿಯಲ್ಲಿ ಪಾರ್ಟ್ಸ್ ಪಟ್ಟಿ ನೋಡದೆ, ಹಳೇ ಬೋಲ್ಟಿಗೆ ಹೋಲಿಸಿ ಕಣ್ಣಂದಾಜಲ್ಲಿ ತಂದು ಹಾಕಿದ್ದು. ಸ್ವಾಮಿ, ಇವರೆಲ್ಲ ನಮ್ಮ ಯಾವ ರೋಸ್ಟರ್ ಬಿಂದುವಿನಲ್ಲಿ ನೇಮಕ ಆದವರು?

ವಿಮಾನ ಕಾಯೋದು ಮ್ಯಾನುಯಲ್ಲು, ಸರಿಯಾದ ಉಪಕರಣ, ಎರಡನೇ ಕಣ್ಣಿನ ಪರಿಶೀಲನೆ, ಕೆಲಸಗಾರನಿಗೆ ಸಿಗೋ ನಿದ್ದೆ. ಹುಟ್ಟಲ್ಲ.

ಅಷ್ಟಕ್ಕೂ ಆ ಕೋಟಾ ಎಲ್ಲಿದೆ ತೋರಿಸಿ? ಖಾಸಗಿ ಏರ್‌ಲೈನ್ಸ್‌ನಲ್ಲಿ ಮೀಸಲಾತಿ ಇಲ್ಲವೇ ಇಲ್ಲ. ಏರ್ ಇಂಡಿಯಾ 2022ರ ಜನವರಿ 27ಕ್ಕೆ ಟಾಟಾ ಕೈ ಸೇರಿತು, ಅಲ್ಲಿನ ರೋಸ್ಟರ್ ಕಥೆ ಅಲ್ಲಿಗೇ ಮುಗೀತು. (ರಿಪೇರಿ ಮಾಡೋ ಅಂಗಸಂಸ್ಥೆ ಮಾತ್ರ ಆಗ ಸರ್ಕಾರದ ಬಳಿ ಉಳೀತು.) ಎಚ್‌ಎಎಲ್‌ನಂಥ ಸರ್ಕಾರಿ ಕಂಪನಿಗಳಲ್ಲಷ್ಟೇ ನಮಗೆ ಬಾಗಿಲಿದೆ. ಆದ್ರೆ ಅದೇ ವಿಮಾನದ ಟಾಯ್ಲೆಟ್ ತೊಳೆಯೋಕೆ, ಲಗೇಜ್ ಹೊರೋಕೆ ಗುತ್ತಿಗೆಯಲ್ಲಿ ಬರೋರ ಮೆರಿಟ್ ಯಾರಾದ್ರೂ ಕೇಳಿದ್ದೀರಾ?

ನಿಜವಾದ ಕೋಟಾ ದುಡ್ಡಿನದ್ದು. ಟ್ರೇನಿಂಗ್ ಸಂಸ್ಥೆಯ ಫೀಸೂ ಲಕ್ಷಗಳಲ್ಲಿ, ಮಾದರಿ ತರಬೇತಿಯೂ ಲಕ್ಷಗಳಲ್ಲಿ. ಮ್ಯಾನುಯಲ್ ಪೂರ್ತಿ ಇಂಗ್ಲಿಷು. ಪಾಸಾದರೂ ಹ್ಯಾಂಗರಿನ ಒಳಗೆ ಬಿಟ್ಟುಕೊಳ್ಳೋರು ಯಾರಾದರೂ ಬೇಕು. ನಮ್ಮ ಕೇರಿಯ ಪಿಯು ಸೈನ್ಸ್ ಓದಿದ ಹುಡುಗಿ ಇಲ್ಲೇ ಸೋಲೋದು, ಪರೀಕ್ಷೆಯಲ್ಲಲ್ಲ.

ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಲ್ಲೇ ಬಂದಿದೆ. ಆ ಹಣವನ್ನ ಗ್ಯಾರಂಟಿಗಳಿಗೆ ಹಂಚೋ ಬದಲು ಲೈಸೆನ್ಸ್‌ನಿಂದ ಮಾದರಿ ತರಬೇತಿ ತನಕ ಪೂರ್ತಿ ಖರ್ಚಿಗೆ ಕೊಡಿ. ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ಕಂಪನಿಗಳಿಗೆ ಜಮೀನು ಕೊಡುವಾಗ ನಮ್ಮ ಮಕ್ಕಳಿಗೆ ಅಪ್ರೆಂಟಿಸ್ ಸೀಟು ಇಡಬೇಕು ಅಂತ ಕರಾರಿನಲ್ಲೇ ಬರೆಯಿರಿ. ಸಮಾಜ ಕಲ್ಯಾಣ ಸಚಿವರಿಗೆ ಈ ಎರಡು ಬೇಡಿಕೆ ಬರೆದು ಕಳಿಸ್ತಿದ್ದೀನಿ. ಸಹಿ ಹಾಕೋರು ಕಮೆಂಟಿನಲ್ಲಿ ಹೆಸರು, ಊರು ಬರೀರಿ.

ಜೈಭೀಮ್.