ತಿರಸ್ಕರಿಸುವ ಹಕ್ಕು ಊರಿನದು, ಕಂಪನಿಯದಲ್ಲ



ರಾಷ್ಟ್ರೀಯ ನೆಟ್‌ವರ್ಕ್ ಕಳಿಸಿದ ಕಾರ್ಯಕ್ರಮವನ್ನು ತೋರಿಸದೆ ಅದರ ಜಾಗದಲ್ಲಿ ಬೇರೊಂದನ್ನು ಪ್ರಸಾರ ಮಾಡುವ ಅಧಿಕಾರ ಅಮೆರಿಕದ ಸ್ಥಳೀಯ ಟಿವಿ ಕೇಂದ್ರಗಳಿಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಮ್ಮಿ ಕಿಮ್ಮೆಲ್ ಅವರ ತಡರಾತ್ರಿಯ ಕಾರ್ಯಕ್ರಮವನ್ನು ನೆಕ್ಸ್‌ಸ್ಟಾರ್ ಮತ್ತು ಸಿಂಕ್ಲೇರ್ ಕಂಪನಿಗಳು ತಮ್ಮ ಎಬಿಸಿ ಕೇಂದ್ರಗಳಲ್ಲಿ ನಿಲ್ಲಿಸಿದಾಗ ಬಳಕೆಯಾದದ್ದು ಇದೇ ಅಧಿಕಾರ. ಆ ಪ್ರಕರಣದ ಚರ್ಚೆ ಬಹುಪಾಲು ಒಬ್ಬ ಹಾಸ್ಯಗಾರನ ವಾಕ್‌ಸ್ವಾತಂತ್ರ್ಯದ ಸುತ್ತ ನಡೆಯಿತು. ಊರಿನ ವೀಕ್ಷಕರ ಸಲುವಾಗಿ ಕೊಟ್ಟ ಹಕ್ಕು ದೂರದ ಮಾಲೀಕರ ಕೈಸೇರಿದೆ ಎಂಬ ದೊಡ್ಡ ಅನ್ಯಾಯಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಭಾರತದಲ್ಲಿ ಖಾಸಗಿ ವಾಹಿನಿಗಳು ಉಪಗ್ರಹದಿಂದ ಕೇಬಲ್ ಅಥವಾ ಡಿಶ್ ಮೂಲಕ ಮನೆಗೆ ಬರುತ್ತವೆ. ಬೆಂಗಳೂರಿನಲ್ಲಿ ಕಾಣುವ ಧಾರಾವಾಹಿ ಅದೇ ಹೊತ್ತಿಗೆ ಬೀದರ್‌ನಲ್ಲೂ ಕಾಣುತ್ತದೆ. ಅಮೆರಿಕದ ಏರ್ಪಾಡು ಬೇರೆ. ಎಬಿಸಿ, ಎನ್‌ಬಿಸಿ, ಸಿಬಿಎಸ್‌ನಂಥ ನೆಟ್‌ವರ್ಕ್‌ಗಳು ಕಾರ್ಯಕ್ರಮ ಒದಗಿಸುತ್ತವೆ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಕೆಲವು ನಗರಗಳಲ್ಲಿ ಮಾತ್ರ ಅವುಗಳಿಗೆ ಸ್ವಂತ ಕೇಂದ್ರಗಳಿವೆ. ಉಳಿದೆಡೆ ಬೇರೆ ಮಾಲೀಕರ ಕೇಂದ್ರಗಳು ಒಪ್ಪಂದದ ಮೇಲೆ ಆ ಕಾರ್ಯಕ್ರಮಗಳನ್ನು ಬಿತ್ತರಿಸುತ್ತವೆ. ಎಫ್‌ಸಿಸಿ ಎಂಬ ಸಂವಹನ ಆಯೋಗ ಪರವಾನಗಿ ಕೊಡುವುದು ನೆಟ್‌ವರ್ಕ್‌ಗಲ್ಲ, ಒಂದೊಂದು ಊರಿನ ಕೇಂದ್ರಕ್ಕೆ. ಆ ಊರಿನ ಸಾರ್ವಜನಿಕ ಹಿತ ಕಾಯುವುದೇ ಪರವಾನಗಿಯ ಷರತ್ತು.

ತಿರಸ್ಕರಿಸುವ ಹಕ್ಕು ಬೆಳೆದದ್ದು ಈ ಷರತ್ತಿನಿಂದಲೇ. ರೇಡಿಯೊ ಕಾಲದಲ್ಲಿ ನೆಟ್‌ವರ್ಕ್‌ಗಳು ಕೇಂದ್ರಗಳನ್ನು ಬಿಗಿಯಾದ ಒಪ್ಪಂದಗಳಲ್ಲಿ ಕಟ್ಟಿಹಾಕಿದ್ದವು. 1941ರಲ್ಲಿ ಎಫ್‌ಸಿಸಿ ನಿಯಮ ತಂದು, ತನ್ನ ಊರಿಗೆ ಹೊಂದದ ಕಾರ್ಯಕ್ರಮವನ್ನು ಕೇಂದ್ರ ಬಿಡಬಹುದು, ಹೆಚ್ಚು ಮಹತ್ವದ್ದನ್ನು ಅಲ್ಲಿ ಹಾಕಬಹುದು ಎಂದಿತು. 1943ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಎತ್ತಿಹಿಡಿಯಿತು. ಅದೇ ವರ್ಷ ಎನ್‌ಬಿಸಿ ತನ್ನ ಎರಡು ಜಾಲಗಳಲ್ಲಿ ಒಂದನ್ನು ಮಾರಬೇಕಾಯಿತು. ಎಬಿಸಿ ಹುಟ್ಟಿದ್ದು ಆ ಮಾರಾಟದಿಂದ. ಹಿಡಿಯಷ್ಟು ಕಂಪನಿಗಳು ದೇಶಕ್ಕೆಲ್ಲ ಏನು ಕೇಳಿಸಬೇಕೆಂದು ತೀರ್ಮಾನಿಸಬಾರದು ಎಂಬುದೇ ಆ ನಿಯಮಗಳ ಉದ್ದೇಶವಾಗಿತ್ತು.

ಉದ್ದೇಶಕ್ಕೆ ತಕ್ಕಂತೆ ಬಳಸಿದಾಗ ಈ ಹಕ್ಕು ಜೀವ ಉಳಿಸುತ್ತದೆ. ಸುಂಟರಗಾಳಿ ಬರುವಾಗ ಒಕ್ಲಹೋಮಾದ ಕೇಂದ್ರ ನೆಟ್‌ವರ್ಕ್‌ನ ಧಾರಾವಾಹಿಯನ್ನು ನಿಲ್ಲಿಸಿ ಹವಾಮಾನದ ಎಚ್ಚರಿಕೆ ಕೊಡುವುದು ಅದರ ಕರ್ತವ್ಯ. ಚಂಡಮಾರುತ, ಪ್ರವಾಹ, ಸ್ಥಳೀಯ ಚುನಾವಣೆಯ ಹೊತ್ತಿನಲ್ಲೂ ಹಾಗೆಯೇ.

ದುರ್ಬಳಕೆಯ ಇತಿಹಾಸವೂ ಹಳೆಯದು. ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದ ಡಬ್ಲ್ಯೂಎಲ್‌ಬಿಟಿ ಕೇಂದ್ರದ ವ್ಯಾಪ್ತಿಯಲ್ಲಿ ಶೇ 45ರಷ್ಟು ಜನ ಕಪ್ಪುವರ್ಣೀಯರಿದ್ದರು. 1955ರಲ್ಲಿ ಕಪ್ಪುವರ್ಣೀಯರ ಹಕ್ಕುಗಳ ವಕೀಲ ತರ್ಗುಡ್ ಮಾರ್ಷಲ್ ಎನ್‌ಬಿಸಿಯಲ್ಲಿ ಮಾತನಾಡುತ್ತಿದ್ದಾಗ ಈ ಕೇಂದ್ರ ಪ್ರಸಾರ ಕಡಿದು, ಕೇಬಲ್ ದೋಷವೆಂಬ ಫಲಕ ತೋರಿಸಿತು. 1964ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಸಂಸ್ಥೆ ಪರವಾನಗಿ ನವೀಕರಣವನ್ನು ವಿರೋಧಿಸಿದಾಗ, ವೀಕ್ಷಕರಿಗೆ ಆಕ್ಷೇಪಿಸುವ ಅಧಿಕಾರವಿಲ್ಲ ಎಂದು ಎಫ್‌ಸಿಸಿ ಕೈತೊಳೆದುಕೊಂಡಿತು. 1966ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. 1969ರಲ್ಲಿ ಪರವಾನಗಿ ನವೀಕರಣವನ್ನೇ ರದ್ದುಮಾಡಿತು. ಪ್ರಸಾರದ ವಿಷಯದಲ್ಲಿ ನೋಡುಗನೂ ಹಕ್ಕುದಾರ ಎಂಬ ತತ್ವ ನೆಲೆಗೊಂಡದ್ದು ಈ ಮೊಕದ್ದಮೆಯಲ್ಲಿ.

ಈಚಿನ ದುರ್ಬಳಕೆಯಲ್ಲಿ ಊರೇ ಕಾಣೆಯಾಗಿದೆ. 2004ರ ಏಪ್ರಿಲ್ 30ರಂದು ಎಬಿಸಿಯ ‘ನೈಟ್‌ಲೈನ್’ನಲ್ಲಿ ಟೆಡ್ ಕಾಪಲ್ ಅವರು ಇರಾಕ್ ಯುದ್ಧದಲ್ಲಿ ಮಡಿದ 700ಕ್ಕೂ ಹೆಚ್ಚು ಅಮೆರಿಕನ್ ಯೋಧರ ಹೆಸರುಗಳನ್ನು ಓದಿದರು. ಇದರಲ್ಲಿ ರಾಜಕೀಯವಿದೆ ಎಂದು ಸಿಂಕ್ಲೇರ್ ತನ್ನ ಎಬಿಸಿ ಕೇಂದ್ರಗಳಿಗೆ ಪ್ರಸಾರ ಬೇಡವೆಂದು ಆದೇಶಿಸಿತು. ವಿಯೆಟ್ನಾಂನಲ್ಲಿ ಯುದ್ಧಕೈದಿಯಾಗಿದ್ದ ಸೆನೆಟರ್ ಜಾನ್ ಮೆಕೇನ್ ಪತ್ರ ಬರೆದು ಖಂಡಿಸಿದರು. ಸೇಂಟ್ ಲೂಯಿಸ್‌ನ, ಕೊಲಂಬಸ್‌ನ ಜನರಿಗೆ ತಮ್ಮವರ ಹೆಸರು ಕೇಳುವುದು ಬೇಡವಾಗಿತ್ತೇ ಎಂದು ಆ ಊರುಗಳಲ್ಲಿ ಯಾರೂ ವಿಚಾರಿಸಿರಲಿಲ್ಲ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಒಡೆತನದ ನಿಯಮಗಳ ಸಡಿಲಿಕೆ. 1980ರ ದಶಕದ ಆರಂಭದಲ್ಲಿ ಒಬ್ಬ ಮಾಲೀಕನಿಗೆ 7 ಟಿವಿ ಕೇಂದ್ರಗಳ ಮಿತಿಯಿತ್ತು. 1985ರಲ್ಲಿ ಅದು 12ಕ್ಕೇರಿತು. 1996ರ ದೂರಸಂಪರ್ಕ ಕಾಯ್ದೆ ಸಂಖ್ಯೆಯ ಮಿತಿಯನ್ನೇ ತೆಗೆದುಹಾಕಿತು. 2025ರ ಹೊತ್ತಿಗೆ ನೆಕ್ಸ್‌ಸ್ಟಾರ್ ತನ್ನ ಒಡೆತನ ಮತ್ತು ಪಾಲುದಾರಿಕೆಯಲ್ಲಿ 200 ಕೇಂದ್ರಗಳನ್ನು ದಾಟಿತ್ತು. ಟೆಕ್ಸಸ್‌ನ ಅರ್ವಿಂಗ್‌ನಲ್ಲಿರುವ ಅದರ ಕಚೇರಿ ನಿರ್ಧರಿಸಿದ್ದು ನ್ಯೂ ಆರ್ಲಿಯನ್ಸ್ ಮತ್ತು ನ್ಯಾಶ್‌ವಿಲ್‌ಗೆ ಅನ್ವಯಿಸಿತು. ಮೇರಿಲ್ಯಾಂಡ್‌ನ ಸಿಂಕ್ಲೇರ್ ಕಚೇರಿ ನಿರ್ಧರಿಸಿದ್ದು ಸಿಯಾಟಲ್‌ಗೂ ರಾಜಧಾನಿ ವಾಷಿಂಗ್ಟನ್‌ಗೂ ಅನ್ವಯಿಸಿತು. ತಾನೂ ತಡೆಹಿಡಿದಿದ್ದ ಕಿಮ್ಮೆಲ್ ಕಾರ್ಯಕ್ರಮವನ್ನು ಎಬಿಸಿ ಸೆಪ್ಟೆಂಬರ್ 23ರಂದು ಮತ್ತೆ ಆರಂಭಿಸಿದರೂ ಈ ಕೇಂದ್ರಗಳಲ್ಲಿ ಅದು ಮರಳಿದ್ದು 26ರಂದು. ಟೆಗ್ನಾ ಕಂಪನಿಯನ್ನು 620 ಕೋಟಿ ಡಾಲರ್‌ಗೆ ಕೊಳ್ಳುವ ನೆಕ್ಸ್‌ಸ್ಟಾರ್‌ನ ಪ್ರಸ್ತಾವ ಆಗ ಎಫ್‌ಸಿಸಿಯ ಅನುಮತಿಗೆ ಕಾಯುತ್ತಿತ್ತು. ಅದೇ ಎಫ್‌ಸಿಸಿಯ ಅಧ್ಯಕ್ಷ ಬ್ರೆಂಡನ್ ಕಾರ್ ಕಿಮ್ಮೆಲ್ ವಿರುದ್ಧ ಕ್ರಮದ ಎಚ್ಚರಿಕೆ ನೀಡಿದ್ದರು. ತನ್ನ ನಿರ್ಧಾರಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲ ಎಂದು ನೆಕ್ಸ್‌ಸ್ಟಾರ್ ಹೇಳಿತು. ಆದರೆ ಅನುಮತಿ ಕೊಡುವವನೇ ಎಚ್ಚರಿಕೆ ಕೊಡುತ್ತಿರುವಾಗ ಇಂಥ ನಿರ್ಧಾರವನ್ನು ಊರಿನ ಅಭಿರುಚಿ ಎಂದು ನಂಬುವುದು ಕಷ್ಟ.

ತನಗೆ ಒಪ್ಪಿಗೆಯಿಲ್ಲದ್ದನ್ನು ಬಿತ್ತರಿಸುವಂತೆ ಮಾಲೀಕನನ್ನು ಬಲವಂತಪಡಿಸಬಾರದು ಎಂಬ ವಾದದಲ್ಲಿ ಹುರುಳಿದೆ. ನೆಟ್‌ವರ್ಕ್‌ನ ಯಜಮಾನಿಕೆ ಮರಳಿ ಬರುವುದೂ ಬೇಡ. ಆದ್ದರಿಂದ ಹಕ್ಕು ಉಳಿಯಬೇಕು, ಅದನ್ನು ಬಳಸುವ ಬಗೆ ಬದಲಾಗಬೇಕು. ಕಾರ್ಯಕ್ರಮ ಬಿಡುವ ತೀರ್ಮಾನವನ್ನು ಆಯಾ ಕೇಂದ್ರದ ವ್ಯವಸ್ಥಾಪಕರೇ ಕೈಗೊಳ್ಳಬೇಕು. ಕಾರಣವನ್ನು ತೆರೆಯ ಮೇಲೆ ತಿಳಿಸಿ, ಪರವಾನಗಿ ನವೀಕರಣದ ವೇಳೆ ಜನ ಪ್ರಶ್ನಿಸುವಂತೆ ದಾಖಲಿಸಬೇಕು. ಹತ್ತಾರು ಊರುಗಳಿಗೆ ಒಂದೇ ಆದೇಶ ಹೊರಡಿಸಿದ ಕಂಪನಿ ಸ್ಥಳೀಯ ಹಿತದ ಹೆಸರಿನ ರಕ್ಷಣೆ ಪಡೆಯಬಾರದು. ಎಫ್‌ಸಿಸಿ ತನ್ನದೇ 1941ರ ನಿಯಮದ ಆಶಯಕ್ಕೆ ಬದ್ಧವಾಗಿದ್ದರೆ ಇಷ್ಟನ್ನು ಜಾರಿಗೆ ತರಬೇಕು.

ಇತಿ,
ಒಬ್ಬ ಓದುಗ